ಸುಶಿ ಕೌಂಟರ್‌ನಲ್ಲಿ ಊಟ ಮೊದಲು, ಫೋಟೋ ಆಮೇಲೆ

ಟೋಕಿಯೋದ ಗಿಂಜಾದಲ್ಲಿ, ನೆಲಮಾಳಿಗೆಯೊಂದರಲ್ಲಿ ಸುಮಾರು 10 ಸೀಟಿನ ಒಂದು ಸುಶಿ ಕೌಂಟರ್ ಇದೆ: ಸುಕಿಯಾಬಾಶಿ ಜಿರೋ. 2014ರಲ್ಲಿ ಒಬಾಮಾ ಇಲ್ಲಿ ಊಟ ಮಾಡಿದ್ರು. ಇಂಥ ಕಡೆ ನಡೆಯೋದು ‘ಒಮಾಕಾಸೆ’, ಅಂದ್ರೆ ‘ನಿಮಗೇ ಬಿಟ್ಟಿದ್ದು’. ಬಾಣಸಿಗರು ಒಂದೊಂದೇ ಸುಶಿ ಮಾಡಿ ಮುಂದಿಡ್ತಾರೆ.

ಇಲ್ಲಿನ ನಿಯಮಗಳು ಬರೀ ಜಂಬ ಅನ್ನಿಸಬಹುದು. ಆದರೆ ಕಾರಣ ಇದೆ. ಅನ್ನ ಮೈಬಿಸಿಯಷ್ಟು ಬೆಚ್ಚಗೆ, ಮೀನು ಅದಕ್ಕಿಂತ ತಂಪು. ಆ ವ್ಯತ್ಯಾಸ ಹೋಗೋ ಮೊದಲೇ ಒಂದೇ ತುತ್ತಿಗೆ ತಿನ್ನಬೇಕು. ಕೈಯಲ್ಲಿ ತಿಂದರೂ ತಪ್ಪಿಲ್ಲ. ಸೋಯಾ ಸಾಸ್ ಅವರೇ ಸವರಿದ್ರೆ ಮತ್ತೆ ಅದ್ದಬೇಡಿ. ಅದ್ದೋದಾದ್ರೆ ಮೀನಿನ ಬದಿ ಮಾತ್ರ, ಇಲ್ಲದಿದ್ರೆ ಅನ್ನ ಉದುರುತ್ತೆ. ಶುಂಠಿ ಇರೋದು ನಡುನಡುವೆ ಬಾಯಿ ಶುಚಿ ಮಾಡ್ಕೊಳ್ಳೋಕೆ. ಸೆಂಟ್ ಹಾಕ್ಕೊಂಡು ಹೋದ್ರೆ ಪಕ್ಕದವರ ಊಟದ ಪರಿಮಳವೂ ಹಾಳು.

ಫೋನ್ ತೆಗೆದು ಆ್ಯಂಗಲ್ ಹುಡುಕೋ ಅಷ್ಟರಲ್ಲಿ, ಎದುರಿಗೆ ನಿಂತವರ ಕೆಲಸ ತಟ್ಟೆಯಲ್ಲೇ ಆರಿಹೋಗಿರುತ್ತೆ.