ಆಕಾಶದಲ್ಲಿ ತೂಗುವ ಭೂಮಿ

ಕಮಾಕುರಾ ಊರಿನ ಶಾಲೆಯೊಂದರ ಮೈದಾನ. ಹದಿನೈದರ ಹುಡುಗಿ ಹಿತೋಮಿ ಕಂಜಾಕಿ ನೂರು ಮೀಟರ್ ಓಟಕ್ಕೆ ಸಜ್ಜಾಗಿ ನಿಂತಿದ್ದಾಳೆ. ಅವಳು ಮೆಚ್ಚಿದ ಅಮಾನೊ ಸದ್ಯದಲ್ಲೇ ಜಪಾನ್ ಬಿಟ್ಟು ಹೋಗುವವನು. 13 ಸೆಕೆಂಡಿನೊಳಗೆ ಗುರಿ ಮುಟ್ಟಿದರೆ ಒಂದು ಮುತ್ತು ಕೊಡಬೇಕೆಂದು ಅವನಲ್ಲಿ ಕೇಳಿಕೊಂಡಿದ್ದಾಳೆ. ಕಾಲ ಎಣಿಸಲು ಅಜ್ಜಿ ಕೊಟ್ಟ ಪದಕವಿದೆ; ಸರದ ತುದಿಯಲ್ಲಿ ತೂಗಿಬಿಟ್ಟರೆ ಸರಿಯಾಗಿ ಸೆಕೆಂಡಿಗೊಮ್ಮೆ ಓಲಾಡುವ ಪದಕ. ಹುಡುಗಿ ಓಡುತ್ತಾಳೆ. ಗುರಿ ಮುಟ್ಟುವ ಮೊದಲೇ ಎದುರಿಗೆ ಬೆಳಕಿನ ಕಂಬವೊಂದು ಇಳಿಯುತ್ತದೆ. ಅದರೊಳಗಿಂದ ಕತ್ತಿ ಹಿಡಿದ ಹುಡುಗ ಹೊರಬರುತ್ತಾನೆ, ಅವನ ಬೆನ್ನಿಗೇ ಒಂದು ಡ್ರ್ಯಾಗನ್.

‘ತೆಂಕೂ ನೊ ಎಸ್ಕಾಫ್ಲೋನೆ’ ಎಂಬ ಜಪಾನಿ ಅನಿಮೆ ಸರಣಿ ತೆರೆದುಕೊಳ್ಳುವುದು ಹೀಗೆ. ಟಿವಿ ಟೋಕಿಯೊ ವಾಹಿನಿಯಲ್ಲಿ 1996ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 26 ಕಂತುಗಳಾಗಿ ಬಂದ ಇದು ಮುಂದೆ ಕ್ಯಾಸೆಟ್, ಡಿವಿಡಿ, ಬ್ಲೂ-ರೇಗಳಲ್ಲಿ ಮನೆಮನೆ ತಲುಪಿತು. ಅಮೆರಿಕದಲ್ಲಿ ಬಂಡಾಯ್ ಸಂಸ್ಥೆ ಇದನ್ನು ಎಂಟು ಡಿವಿಡಿ ಸಂಪುಟಗಳಾಗಿ ಹಂಚಿತು. ನಾನಿಲ್ಲಿ ಪರಿಚಯಿಸಹೊರಟಿರುವುದು ಮೊದಲ ನಾಲ್ಕು ಕಂತುಗಳಿರುವ ಮೊದಲ ಸಂಪುಟವನ್ನು. ಯಂತ್ರಮಾನವರ ಕತೆಯೆಂದರೆ ಬರೀ ಗುದ್ದಾಟ ಎಂದುಕೊಂಡವರು ಇದನ್ನೊಮ್ಮೆ ನೋಡಬೇಕು.

ಮನುಷ್ಯ ಒಳಗೆ ಕೂತು ನಡೆಸುವ ದೈತ್ಯ ಯಂತ್ರಗಳ ಕತೆಗೆ ಅನಿಮೆಯಲ್ಲಿ ‘ಮೆಕಾ’ ಎನ್ನುತ್ತಾರೆ. ಇಂಥ ಕತೆಗಳು ಸಾಮಾನ್ಯವಾಗಿ ಬಾಹ್ಯಾಕಾಶದಲ್ಲೋ ಮುಂದಿನ ಶತಮಾನದಲ್ಲೋ ನಡೆಯುತ್ತವೆ. ಆ ಯಂತ್ರವನ್ನು ರಾಜರು, ಮಾಟ, ಮಾಯಾಲೋಕಗಳ ನಡುವೆ ತಂದು ನಿಲ್ಲಿಸಿದವರಲ್ಲಿ ಮೊದಲಿಗರು ಯೋಶಿಯುಕಿ ತೊಮಿನೊ. 1983ರ ‘ಔರಾ ಬ್ಯಾಟ್ಲರ್ ಡನ್‌ಬೈನ್’ನಲ್ಲಿ ಅವರು ಕೀಟಗಳ ಮೈಕಟ್ಟಿನ ಯಂತ್ರಗಳನ್ನು ಇನ್ನೊಂದು ಲೋಕದಲ್ಲಿ ಹಾರಿಸಿದರು. ಅದನ್ನು ತಯಾರಿಸಿದ ಸನ್‌ರೈಸ್ ಸ್ಟುಡಿಯೊದಲ್ಲೇ ಎಸ್ಕಾಫ್ಲೋನೆಯೂ ಹುಟ್ಟಿತು.

ಇದರ ಮೂಲ ಕಲ್ಪನೆ ಶೋಜಿ ಕವಾಮೊರಿ ಅವರದು. 1982ರ ‘ಮ್ಯಾಕ್ರೋಸ್’ನಲ್ಲಿ ಯುದ್ಧದ ದಿಕ್ಕನ್ನೇ ಬದಲಿಸುವ ಶಕ್ತಿಯನ್ನು ಹಾಡಿಗೆ ಕೊಟ್ಟವರು ಅವರು. ನೇಪಾಳಕ್ಕೆ ಹೋಗಿದ್ದಾಗ ಮಂಜು ಕವಿದ ಬೆಟ್ಟಸೀಮೆ ಕಂಡು ಹೊಸ ಕತೆಯೊಂದು ಹೊಳೆಯಿತು. ಈ ಸಲ ಹಾಡಿನ ಜಾಗಕ್ಕೆ ಬಂದದ್ದು ವಿಧಿ, ಭವಿಷ್ಯ, ಕಣಿ. ಹಿತೋಮಿ ಟ್ಯಾರೋ ಎಲೆ ಹಾಸಿ ಭವಿಷ್ಯ ನೋಡುವ ಹುಡುಗಿ. ಯುದ್ಧದ ನಡುವೆ ಮೈ ಮರೆಮಾಡುವ ಹೊದಿಕೆ ಹೊದ್ದು ಬರುವ ಶತ್ರು ಯಂತ್ರಗಳು ಯಾರ ಕಣ್ಣಿಗೂ ಬೀಳದಿದ್ದಾಗ ಅವು ಎಲ್ಲಿವೆಯೆಂದು ಹೇಳಬಲ್ಲವಳು ಅವಳೊಬ್ಬಳೇ. ಕತ್ತಿ ಹಿಡಿಯುವವನು ರಾಜಕುಮಾರ, ಅವನಿಗೆ ಕಣ್ಣಾಗುವವಳು ಓಟಗಾರ್ತಿ. ಹುಡುಗರಿಗಾಗಿ ಮೆಕಾ, ಹುಡುಗಿಯರಿಗಾಗಿ ಪ್ರೇಮಕತೆ ಎಂದು ಎರಡು ಪಂಕ್ತಿಯಲ್ಲಿ ಬಡಿಸುತ್ತಿದ್ದ ಕಾಲದಲ್ಲಿ ನಿರ್ದೇಶಕ ಕಝುಕಿ ಅಕಾನೆ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರು.

ಹಿತೋಮಿ ಹೋಗಿ ಬೀಳುವ ಲೋಕದ ಹೆಸರು ಗೈಯಾ. ಅಲ್ಲಿನ ಆಕಾಶದಲ್ಲಿ ಚಂದ್ರನ ಪಕ್ಕದಲ್ಲೇ ನಮ್ಮ ನೀಲಿ ಭೂಮಿಯೂ ತೂಗುತ್ತಿರುತ್ತದೆ. ಗೈಯಾದ ಜನರಿಗೆ ಅದು ‘ಮಾಯಾಚಂದ್ರ’, ಅಪಶಕುನದ ಚಂದ್ರ. ತನ್ನ ಮನೆ, ಶಾಲೆ, ಗೆಳತಿ ಎಲ್ಲವೂ ಇರುವ ಭೂಮಿಯನ್ನು ಹುಡುಗಿಯೊಬ್ಬಳು ತಲೆಯೆತ್ತಿ ನೋಡಬೇಕಾದ ಆ ಚಿತ್ರವೊಂದೇ ಊರು ಬಿಟ್ಟವರ ಸಂಕಟವನ್ನೆಲ್ಲ ಹೇಳಿಬಿಡುತ್ತದೆ. ಪುಷ್ಪಕ ವಿಮಾನದ ಕತೆ ಕೇಳಿ ಬೆಳೆದ ನಮಗೆ ಹಾರುವ ಕೋಟೆಗಳು ಹೊಸದಲ್ಲ. ಆದರೆ ಈ ನೋಟ ಹೊಸದು.

ಎರಡನೆಯ ಕಂತಿನ ಒಂದು ದೃಶ್ಯವನ್ನು ನಿಧಾನವಾಗಿ ನೋಡೋಣ. ಮೈದಾನದಲ್ಲಿ ಕತ್ತಿ ಹಿಡಿದು ಬಂದಿದ್ದ ಆ ಹುಡುಗ, ಫಾನೇಲಿಯಾ ರಾಜ್ಯದ ಯುವರಾಜ ವಾನ್‌ಗೆ ಪಟ್ಟವಾಗಿದೆ. ಆ ಪಟ್ಟಕ್ಕಾಗಿಯೇ ಅವನು ಡ್ರ್ಯಾಗನ್ ಕೊಂದು ಅದರ ಎದೆಯಿಂದ ‘ಎನರ್ಜಿಸ್ಟ್’ ಎಂಬ ಹೊಳೆಯುವ ಕಲ್ಲು ತೆಗೆದು ತಂದದ್ದು. ಅಷ್ಟರಲ್ಲಿ ಝೈಬಾಕ್ ಸಾಮ್ರಾಜ್ಯದ ಕಾಣದ ಸೇನೆ ಮುತ್ತಿಗೆ ಹಾಕುತ್ತದೆ, ಊರು ಹತ್ತಿ ಉರಿಯುತ್ತದೆ. ವಾನ್ ತನ್ನ ರಕ್ತವನ್ನು ಆ ಕಲ್ಲಿಗೆ ಸವರಿ, ಮಲಗಿದ್ದ ಎಸ್ಕಾಫ್ಲೋನೆ ಎಂಬ ಯಂತ್ರವನ್ನು ಎಬ್ಬಿಸುತ್ತಾನೆ. ಉಕ್ಕಿನ ಕವಚ ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಗುಂಡಿ ಒತ್ತಿ ಓಡಿಸುವ ಯಂತ್ರ ಇದಲ್ಲ. ಒಳಗಿನವನ ಕೈಕಾಲು ಆಡಿದಂತೆ ಅದರ ಕೈಕಾಲು ಆಡಬೇಕು. ಕಿಮಿತೋಶಿ ಯಮಾನೆ ವಿನ್ಯಾಸ ಮಾಡಿದ ಈ ಯಂತ್ರಗಳ ಹೆಗಲಿಗೆ ದೊಡ್ಡ ಮೇಲುಹೊದಿಕೆಯಿದೆ. ಕಂಪ್ಯೂಟರಿನ ನೆರವು ಇನ್ನೂ ಅಪರೂಪವಾಗಿದ್ದ ಆ ದಿನಗಳಲ್ಲಿ ಗಾಳಿಗೆ ಆ ಬಟ್ಟೆಯ ಪ್ರತಿ ಮಡಿಕೆಯೂ ಹಾರಬೇಕಾದರೆ ಚಿತ್ರದ ಮೇಲೆ ಚಿತ್ರ ಕೈಯಲ್ಲೇ ಬರೆದು, ಪಾರದರ್ಶಕ ಹಾಳೆಯ ಮೇಲೆ ಬಣ್ಣ ತುಂಬಬೇಕಿತ್ತು. ಉಕ್ಕಿಗೆ ಭಾರವಿದೆ, ಬಟ್ಟೆಗೆ ಹಗುರತನವಿದೆ. ಎರಡೂ ಒಂದೇ ಮೈಯಲ್ಲಿ ಕಾಣುತ್ತವೆ.

ಇದರ ಸಂಗೀತಕ್ಕೆ ಬೇರೆಯೇ ಒಂದು ಲೇಖನ ಬೇಕು. ಯೋಕೊ ಕನ್ನೊ ಮತ್ತು ಹಾಜಿಮೆ ಮಿಝೋಗುಚಿ ಕೂಡಿ ಸಂಯೋಜಿಸಿದ್ದನ್ನು ನುಡಿಸಿದ್ದು ಪೋಲೆಂಡಿನ ವಾರ್ಸಾ ಫಿಲ್‌ಹಾರ್ಮೋನಿಕ್ ವಾದ್ಯವೃಂದ. ಯುದ್ಧದ ದೃಶ್ಯಗಳಲ್ಲಿ ಮೇಳಗಾಯನ ಅಲೆಯಲೆಯಾಗಿ ಏರುವಾಗ ಕೂತಲ್ಲೇ ಮೈನವಿರೇಳುತ್ತದೆ. ಹಿತೋಮಿಗೆ ದನಿ ಕೊಟ್ಟ ಮಾಯಾ ಸಕಾಮೊಟೊ ಆಗ ಹದಿನಾರರ ಹುಡುಗಿ. ಸರಣಿಯ ಆರಂಭಗೀತೆಯೇ ಅವರ ಮೊದಲ ಹಾಡಿನ ಮುದ್ರಿಕೆ. ಇಂದು ಅವರು ಜಪಾನಿನ ಹೆಸರಾಂತ ಗಾಯಕಿ, ಕಂಠದಾನ ಕಲಾವಿದೆ.

ಇನ್ನು ಸಂಪುಟದ ಮಾತು. ಟಿವಿಯಲ್ಲಿ ಅರ್ಧ ಗಂಟೆಯ ಅವಧಿ, ಅದರಲ್ಲಿ ಜಾಹೀರಾತಿನ ಪಾಲು ಕಳೆದು ಉಳಿದದ್ದು ಕತೆಗೆ. ಎಸ್ಕಾಫ್ಲೋನೆಯ ಮೊದಲ ಏಳು ಕಂತುಗಳು ಆ ಚೌಕಟ್ಟಿಗೆ ಹಿಡಿಸದೆ ಹಲವು ದೃಶ್ಯಗಳಿಗೆ ಕತ್ತರಿ ಬಿತ್ತು. ಜಪಾನಿನಲ್ಲಿ ಮನೆ ವಿಡಿಯೊ ಹೊರಬಂದಾಗ ಆ ದೃಶ್ಯಗಳನ್ನು ಮತ್ತೆ ಜೋಡಿಸಲಾಯಿತು. 1983ರಲ್ಲಿ ‘ಡಾಲೋಸ್’ ಎಂಬ ಅನಿಮೆ ಟಿವಿಯ ಹಂಗಿಲ್ಲದೆ ನೇರವಾಗಿ ಕ್ಯಾಸೆಟ್ಟಿನಲ್ಲೇ ಬಂದಾಗಿನಿಂದ ಜಪಾನಿನ ಕಲಾವಿದರಿಗೆ ಮನೆ ವಿಡಿಯೊ ಎಂದರೆ ಕತೆಯನ್ನು ತಮಗೆ ಬೇಕಾದಷ್ಟು ಉದ್ದಕ್ಕೆ ಹೇಳಬಹುದಾದ ಜಾಗ.

ಈ ಜಾಗದ ಬೆಲೆ ತಿಳಿಯಬೇಕಾದರೆ ಅಮೆರಿಕದ ಟಿವಿಯಲ್ಲಿ ಆದದ್ದನ್ನು ನೋಡಬೇಕು. 2000ದಲ್ಲಿ ಫಾಕ್ಸ್ ಕಿಡ್ಸ್ ವಾಹಿನಿ ಈ ಸರಣಿಯನ್ನು ಪ್ರಸಾರ ಮಾಡಿತು. ಮೊದಲ ಕಂತನ್ನು ಪೂರ್ತಿ ಕೈಬಿಟ್ಟು, ಹಿತೋಮಿಯ ಪಾತ್ರವನ್ನು ಕುಗ್ಗಿಸಿ, ಸಂಗೀತವನ್ನೂ ಬಹುಮಟ್ಟಿಗೆ ಬದಲಿಸಿತು. ಮೈದಾನ ಹೋಯಿತು, ಓಟ ಹೋಯಿತು. ಮೂರನೆಯ ಕಂತಿನಲ್ಲಿ ಅಲೆನ್ ಶೆಝಾರ್ ಎಂಬ ವೀರ ಬರುತ್ತಾನೆ, ಅವನ ಮುಖ ಅಮಾನೊನ ಮುಖದಂತೆಯೇ ಇದೆ. ಹಿತೋಮಿ ಅವನನ್ನು ಕಂಡು ಬೆಚ್ಚಿಬೀಳುವುದೇಕೆ ಎಂಬುದು ಮೊದಲ ಕಂತು ನೋಡದವರಿಗೆ ಅರ್ಥವಾಗುವುದಾದರೂ ಹೇಗೆ? ಹತ್ತು ಕಂತುಗಳಿಗೆ ಅಲ್ಲಿ ಪ್ರಸಾರ ನಿಂತುಹೋಯಿತು. ಅಡಿಪಾಯ ಕಿತ್ತ ಮನೆ ಎಷ್ಟು ದಿನ ನಿಂತೀತು!

ಡಿವಿಡಿ ಸಂಪುಟದಲ್ಲಾದರೋ ಆ ಮೊದಲ ಕಂತು ಮೊದಲನೆಯದಾಗಿಯೇ ಇತ್ತು, ಮೂಲ ಸಂಗೀತವಿತ್ತು, ಜಪಾನಿ ದನಿಯೂ ಇತ್ತು. 2016ರಲ್ಲಿ ಫ್ಯೂನಿಮೇಷನ್ ಸಂಸ್ಥೆ ಬ್ಲೂ-ರೇ ತರುವಾಗ ಹೊಸ ಇಂಗ್ಲಿಷ್ ಡಬ್ಬಿಂಗ್‌ಗೆ ಅಭಿಮಾನಿಗಳೇ ಕಿಕ್‌ಸ್ಟಾರ್ಟರ್ ಮೂಲಕ ಹಣ ಕೂಡಿಸಿಕೊಟ್ಟರು. ಇಪ್ಪತ್ತು ವರ್ಷ ಹಳೆಯ ಕತೆಯೊಂದಕ್ಕೆ ಜನ ತಮ್ಮ ಜೇಬಿನಿಂದ ದುಡ್ಡು ಹಾಕುತ್ತಾರೆಂದರೆ ಅದು ಅವರೊಳಗೆ ಎಷ್ಟು ಬೇರು ಬಿಟ್ಟಿರಬೇಕು.

ಈ ಸರಣಿಯಲ್ಲಿ ಕುಂದುಗಳಿಲ್ಲವೆಂದಲ್ಲ. 39 ಕಂತುಗಳಿಗೆಂದು ಯೋಚಿಸಿದ್ದ ಕತೆಯನ್ನು 26ಕ್ಕೆ ಇಳಿಸಬೇಕಾಯಿತು. ಆ ಅವಸರ ಕೊನೆಯ ಭಾಗದಲ್ಲಿ ಕಾಣುತ್ತದೆ. ನೊಬುತೆರು ಯೂಕಿ ಬರೆದ ಉದ್ದ ಮೂಗಿನ ಮುಖಗಳಿಗೆ ಕಣ್ಣು ಒಗ್ಗಲು ಒಂದೆರಡು ಕಂತು ಬೇಕು. ಮೊದಲ ಸಂಪುಟದಲ್ಲಿ ಮಾತ್ರ ಅವಸರದ ಸುಳಿವಿಲ್ಲ. ಓಟ, ಪಟ್ಟ, ಬೆಂಕಿ, ಪರದೇಶ ಎಲ್ಲವೂ ತಂತಮ್ಮ ಹೊತ್ತು ತೆಗೆದುಕೊಂಡು ಬರುತ್ತವೆ.

ಅನಿಮೆಯ ಗೀಳು ಹತ್ತಿಸಿಕೊಂಡ ಮಕ್ಕಳು ಇಂದು ನಮ್ಮ ಮನೆಗಳಲ್ಲೂ ಇದ್ದಾರೆ. ಅವರ ಜೊತೆ ಒಂದು ಭಾನುವಾರ ಮಧ್ಯಾಹ್ನ ಈ ನಾಲ್ಕು ಕಂತುಗಳಿಗೆ ಕೂತುಕೊಳ್ಳಿ. ಜಪಾನಿ ದನಿಯನ್ನೇ ಇಟ್ಟುಕೊಳ್ಳಿ, ಉಪಶೀರ್ಷಿಕೆ ಓದಿಕೊಳ್ಳಿ. ಮೊದಲ ಕಂತನ್ನು ಮಾತ್ರ ಹಾರಿಸಬೇಡಿ.