ಗೋಡೆಗೆ ಇಳಿಯುವ ಎಸಿ ನೀರು

ಸ್ಪ್ಲಿಟ್ ಎಸಿಯ ಇಂಡೋರ್ ಯೂನಿಟ್‌ನಿಂದ ಹೊರಗೆ ಹೋಗುವ ಕಟ್ಟಿನಲ್ಲಿ ಎರಡು ತಾಮ್ರದ ಪೈಪು, ಒಂದು ವೈರು ಮತ್ತು 16ರಿಂದ 20 ಮಿಲಿಮೀಟರ್ ಅಗಲದ ಒಂದು ಪ್ಲಾಸ್ಟಿಕ್ ಪೈಪು ಇರುತ್ತವೆ. ತಾಮ್ರದ ಪೈಪುಗಳಲ್ಲಿ ಗ್ಯಾಸ್ ಓಡಾಡುತ್ತದೆ. ಅದನ್ನು ನೂಕಲು ಕಂಪ್ರೆಸರ್ ಇದೆ. ಪ್ಲಾಸ್ಟಿಕ್ ಪೈಪಿನಲ್ಲಿ ನೀರು ಹರಿಯುತ್ತದೆ. ಅದನ್ನು ನೂಕುವವರು ಯಾರೂ ಇಲ್ಲ. ಮನೆಗಳ ಬಹುಪಾಲು ಎಸಿಗಳಲ್ಲಿ ಈ ಡ್ರೈನ್ ಪೈಪು ಇಳಿಜಾರೊಂದನ್ನೇ ನಂಬಿಕೊಂಡಿದೆ. ಇಡೀ ಜೋಡಣೆಯಲ್ಲಿ ಅತಿ ಅಗ್ಗದ ಸಾಮಾನು ಇದೇ, ಜೋಡಿಸುವವರ ಗಮನ ಅತಿ ಕಡಿಮೆ ಬೀಳುವುದೂ ಇದರ ಮೇಲೆಯೇ.

ಈ ನೀರು ಯಂತ್ರಕ್ಕೆ ತುಂಬಿಸಿದ್ದಲ್ಲ, ಕೋಣೆಯ ಗಾಳಿಯಲ್ಲಿದ್ದದ್ದು. ತಣ್ಣೀರು ತುಂಬಿದ ಚೊಂಬಿನ ಹೊರಮೈ ಬೆವರುವ ಹಾಗೆ, ಸುಮಾರು 10 ಡಿಗ್ರಿಗೆ ಇಳಿದ ಕೂಲಿಂಗ್ ಕಾಯಿಲ್ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಮಂಗಳೂರಿನ ಸೆಕೆಯಲ್ಲಿ, 30 ಡಿಗ್ರಿ ಉಷ್ಣತೆ ಮತ್ತು ಶೇ 80ರಷ್ಟು ತೇವಾಂಶ ಇದ್ದಾಗ, ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಾವಿ ಇರುತ್ತದೆ. ಕೋಣೆ 25 ಡಿಗ್ರಿಗೆ, ತೇವಾಂಶ ಶೇ 50ಕ್ಕೆ ಬಂದಾಗ ಅದರಲ್ಲಿ ಉಳಿಯುವುದು 11–12 ಗ್ರಾಂ. ಮಿಕ್ಕದ್ದೆಲ್ಲ ಡ್ರೈನ್ ಪೈಪಿನ ಪಾಲು. ಬಾಗಿಲು ತೆಗೆದಾಗಲೆಲ್ಲ, ಕಿಟಕಿಯ ಸಂದಿಯಿಂದಲೂ ಹೊಸ ತೇವ ನುಗ್ಗುತ್ತಲೇ ಇರುವುದರಿಂದ ಕರಾವಳಿಯಲ್ಲಿ ಒಂದೂವರೆ ಟನ್ನಿನ ಎಸಿ ಗಂಟೆಗೆ ಒಂದೆರಡು ಲೀಟರ್ ನೀರು ಇಳಿಸಿದರೆ ಆಶ್ಚರ್ಯವಿಲ್ಲ. ಕಲಬುರಗಿಯ ಏಪ್ರಿಲ್ ಮಧ್ಯಾಹ್ನದ ಲೆಕ್ಕ ಬೇರೆ. 40 ಡಿಗ್ರಿ ಬಿಸಿಲಿನಲ್ಲಿ ತೇವಾಂಶ ಶೇ 20ಕ್ಕೆ ಕುಸಿದರೆ ಘನ ಮೀಟರಿಗೆ ಸಿಗುವುದು ಹತ್ತೇ ಗ್ರಾಂ. ಅಂಥ ಊರುಗಳಲ್ಲಿ ಒಡೆದ ಪೈಪು ಬೇಸಿಗೆಯಿಡೀ ಗುಟ್ಟು ಬಿಟ್ಟುಕೊಡದೆ, ಮಳೆ ಶುರುವಾದ ಮೇಲೆ ಗೋಡೆ ನೆನೆಸಲು ತೊಡಗುತ್ತದೆ.

ತೇವ ತೆಗೆಯುವುದು ಎಸಿಯ ಉಪಕಸುಬು ಎಂದು ತೋರಬಹುದು. ಚರಿತ್ರೆ ಹೇಳುವುದು ಬೇರೆ. 1902ರಲ್ಲಿ ಅಮೆರಿಕದ ವಿಲಿಸ್ ಕ್ಯಾರಿಯರ್ ತನ್ನ ಮೊದಲ ವ್ಯವಸ್ಥೆಯನ್ನು ರೂಪಿಸಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ. ಗಾಳಿಯ ತೇವ ಏರಿಳಿದಂತೆ ಕಾಗದ ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಅಲ್ಲಿ ಬೇಕಾಗಿದ್ದುದು ಜನರಿಗೆ ತಂಪಲ್ಲ, ಕಾಗದಕ್ಕೆ ಒಣ ಗಾಳಿ. ಇಂದಿಗೂ ಈ ಕೆಲಸಕ್ಕೆ ಎಸಿಯ ಶಕ್ತಿ ಸಾಕಷ್ಟು ಖರ್ಚಾಗುತ್ತದೆ: ಗಂಟೆಗೆ ಒಂದೂವರೆ ಲೀಟರ್ ನೀರು ಇಳಿಸುವಾಗ ಒಂದೂವರೆ ಟನ್ ಸಾಮರ್ಥ್ಯದಲ್ಲಿ ಸುಮಾರು ಐದನೇ ಒಂದು ಭಾಗ ಅದಕ್ಕೇ ಹೋಗುತ್ತದೆ.

ಕಾಯಿಲ್‌ನಿಂದ ಇಳಿದ ನೀರು ಅದರ ಅಡಿಯಲ್ಲಿರುವ ಟ್ರೇಗೆ ಬೀಳುತ್ತದೆ. ಅನೇಕ ಮಾದರಿಗಳಲ್ಲಿ ಟ್ರೇಗೆ ಎಡಕ್ಕೂ ಬಲಕ್ಕೂ ಒಂದೊಂದು ಬಾಯಿ. ಒಂದಕ್ಕೆ ಪೈಪು ಸಿಕ್ಕಿಸಿ ಇನ್ನೊಂದಕ್ಕೆ ರಬ್ಬರ್ ಬಿರಡೆ ಹಾಕಿರುತ್ತಾರೆ. ಕಂಪನಿಯಿಂದಲೇ ಬರುವ ಪೈಪಿನ ತುಂಡು ಸಾಮಾನ್ಯವಾಗಿ ಅರ್ಧ ಮೀಟರ್ ಆಸುಪಾಸು. ಅದು ಗೋಡೆಯ ತೂತು ದಾಟುವಷ್ಟರಲ್ಲಿ ಮುಗಿಯುತ್ತದೆ. ಮುಂದಿನದನ್ನು ಜೋಡಿಸುವವರು ಮಾರುಕಟ್ಟೆಯ ಮಡಿಕೆ ಪೈಪಿನಿಂದ ಉದ್ದ ಮಾಡುತ್ತಾರೆ. ಈ ಜೋಡು ಹಲವು ಮನೆಗಳಲ್ಲಿ ಗೋಡೆಯ ಒಳಗೇ ಇರುತ್ತದೆ, ಬರೀ ಟೇಪಿನ ಆಸರೆಯಲ್ಲಿ.

ಹೊರಗಿನ ಭಾಗವನ್ನು ಹಾಳುಮಾಡುವುದು ಬಿಸಿಲು. ತೆಳು ಪ್ಲಾಸ್ಟಿಕ್ ಕೆಲವು ಬೇಸಿಗೆ ಕಂಡ ಮೇಲೆ ಮುಟ್ಟಿದರೆ ಚೂರಾಗುವಷ್ಟು ಗಡುಸಾಗುತ್ತದೆ. ಒಳಗಿನ ಭಾಗಕ್ಕೆ ಲೋಳೆಯ ಕಾಟ: ಫಿಲ್ಟರ್ ದಾಟಿ ಬಂದ ಧೂಳು ತೇವದಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಜೊತೆ ಸೇರಿ ಕಂದು ಬಣ್ಣದ ಜಿಗುಟು ಪದರವಾಗಿ, ಮಡಿಕೆ ಮಡಿಕೆಗಳಲ್ಲಿ ಕೂರುತ್ತದೆ. ಎಸಿ ನಿಂತಿರುವ ತಿಂಗಳುಗಳಲ್ಲಿ ಕುಂಬಾರ ಹುಳು ಪೈಪಿನ ಬಾಯಿಗೆ ಮಣ್ಣು ಮೆತ್ತುತ್ತದೆ, ಇರುವೆ ಗೂಡು ಕಟ್ಟುತ್ತದೆ, ಹಲ್ಲಿ ನುಗ್ಗಿ ಅಲ್ಲೇ ಸಾಯುವುದೂ ಉಂಟು. ಆದರೆ ಹೆಚ್ಚಿನ ತೊಂದರೆ ಹುಟ್ಟುವುದು ಜೋತುಬಿದ್ದ ಪೈಪಿನಿಂದ. ನಡುವೆ ಒಂದು ಕಡೆ ಪೈಪು ಕೆಳಗಿಳಿದು ಮತ್ತೆ ಮೇಲೇರಿದರೆ ಆ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಅಂಥ ತಗ್ಗು ಎರಡಾದರೆ ನಡುವಿನ ಗಾಳಿ ಸಿಕ್ಕಿಬಿದ್ದು ಮೇಲಿನ ನೀರನ್ನು ತಡೆಯುತ್ತದೆ. ಪೈಪು ಹೊಚ್ಚ ಹೊಸದಾಗಿದ್ದರೂ ಟ್ರೇ ಉಕ್ಕುತ್ತದೆ.

ಹಾಗಾಗಿ ಪೈಪು ಕೀಳುವ ಮೊದಲು ರೋಗ ಯಾವುದೆಂದು ತಿಳಿಯಬೇಕು. ಫಿಲ್ಟರ್ ಧೂಳು ಹಿಡಿದಿದ್ದರೆ ಅಥವಾ ಗ್ಯಾಸ್ ಕಡಿಮೆಯಾಗಿದ್ದರೆ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿ, ಎಸಿ ನಿಲ್ಲಿಸಿದಾಗ ಒಮ್ಮೆಗೇ ಕರಗಿ ಸುರಿಯುತ್ತದೆ. ಪೈಪು ಬದಲಿಸಿದರೆ ಅದು ನಿಲ್ಲದು. ಯೂನಿಟ್‌ನ ಮುಂಭಾಗದಿಂದ, ಗಾಳಿ ಬರುವ ಬಾಯಿಯ ಹತ್ತಿರ ನೀರು ತೊಟ್ಟಿಕ್ಕಿದರೆ ಟ್ರೇ ತುಂಬಿದೆ ಎಂದು ತಿಳಿಯಬಹುದು. ದಾರಿ ಕಟ್ಟಿರಬೇಕು, ಇಲ್ಲವೇ ಯೂನಿಟ್ ಓರೆಯಾಗಿರಬೇಕು. ಒಂದೇ ತುದಿಯಲ್ಲಿ ಹನಿಯುತ್ತಿದ್ದರೆ ರಬ್ಬರ್ ಬಿರಡೆಯ ಮೇಲೆ ಸಂಶಯ. ಹಿಂದಿನ ಗೋಡೆಯಲ್ಲಿ ಕಂದು ಗೆರೆ ಇಳಿದಿದ್ದರೆ ಜೋಡು ಬಿಟ್ಟಿದೆ, ಪೈಪು ಸೀಳಿದೆ ಅಥವಾ ತಾಮ್ರದ ಪೈಪಿನ ಮೇಲಿನ ಫೋಮ್ ಹರಿದು ಅದೇ ಬೆವರುತ್ತಿದೆ. ಕೊನೆಯ ಎರಡನ್ನು ಬೇರ್ಪಡಿಸಲು ಸುಲಭದ ಉಪಾಯವಿದೆ. ಎಸಿ ನಿಲ್ಲಿಸಿ, ಫಿಲ್ಟರ್ ತೆಗೆದು, ಕಾಯಿಲ್ ಮೇಲೆ ಬಾಟಲಿಯಿಂದ ನಿಧಾನವಾಗಿ ಅರ್ಧ ಲೀಟರ್ ನೀರು ಇಳಿಬಿಡಬೇಕು. ಹೊರಗೆ ಪೈಪಿನ ತುದಿಯಲ್ಲಿ ಸರಾಗವಾಗಿ ನೀರು ಬಂದು ಗೋಡೆ ಒಣಗಿದ್ದರೆ ತಪ್ಪು ಫೋಮಿನದು. ನೀರು ತಡವಾಗಿ, ಗುಳುಗುಳು ಸದ್ದಿನೊಂದಿಗೆ ಬಂದರೆ ಗಾಳಿ ಸಿಕ್ಕಿಕೊಂಡಿದೆ. ಲೋಳೆ ಮಾತ್ರವಾದರೆ ಹೊರತುದಿಯಿಂದ ವ್ಯಾಕ್ಯೂಮ್ ಹಚ್ಚಿ ಎಳೆದರೆ ಸಾಕು. ಇದಕ್ಕೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸುರಿಯುವವರೂ ಇದ್ದಾರೆ. ಅದು ಕಾಯಿಲ್‌ನ ಅಲ್ಯೂಮಿನಿಯಂ ರೆಕ್ಕೆಗಳನ್ನು ತಿನ್ನುತ್ತದೆ.

ಬದಲಿಸಲೇಬೇಕಾದಾಗ ಮೊದಲ ಕೆಲಸ ಎಂಸಿಬಿ ಇಳಿಸುವುದು. ರಿಮೋಟ್ ಒತ್ತಿದರೆ ವಿದ್ಯುತ್ ಕಡಿಯುವುದಿಲ್ಲ. ಇಂಡೋರ್ ಯೂನಿಟ್ ಮೇಲ್ಗಡೆ ಕಬ್ಬಿಣದ ಪ್ಲೇಟಿಗೆ ತೂಗಿಕೊಂಡಿರುತ್ತದೆ, ಕೆಳಗಡೆ ಕೊಕ್ಕೆಗಳಲ್ಲಿ ಸಿಕ್ಕಿರುತ್ತದೆ. ಕೊಕ್ಕೆ ಬಿಡಿಸಿ ಕೆಳಭಾಗವನ್ನು ಒಂದು ಗೇಣಿನೊಳಗೆ ಮುಂದಕ್ಕೆ ತಂದು, ಹಿಂದೆ ಥರ್ಮೋಕೋಲ್ ತುಂಡು ಇಟ್ಟರೆ ಕೈ ಆಡಿಸಲು ಜಾಗವಾಗುತ್ತದೆ. ಅಪಾಯ ಇರುವುದು ಇಲ್ಲೇ. ತಾಮ್ರದ ಪೈಪು ಮೆತ್ತಗಿದ್ದು, ಒಮ್ಮೆ ಮಡಚಿಕೊಂಡರೆ ಬಿರುಕು ಬಿಡಬಹುದು. ಈಚಿನ ಎಸಿಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಆರ್-32 ಗ್ಯಾಸ್ ಅಲ್ಪ ಪ್ರಮಾಣದಲ್ಲಾದರೂ ಹೊತ್ತಿಕೊಳ್ಳುವ ಗುಣದ್ದು. ಹೊರಗೋಡೆಯ ಪೈಪನ್ನು ಮನೆಯವರೇ ಬದಲಿಸಿಕೊಳ್ಳಬಹುದು. ಯೂನಿಟ್ ಮುಂದಕ್ಕೆಳೆಯುವ ಕೆಲಸವನ್ನು, ಮಹಡಿ ಮನೆಗಳಲ್ಲಿ ಹೊರಗಿನ ಕೆಲಸವನ್ನೂ ಮೆಕ್ಯಾನಿಕ್‌ಗೆ ಬಿಡುವುದೇ ಸರಿ.

ಕಟ್ಟಿನ ಮೇಲಿನ ಟೇಪನ್ನು ಕತ್ತರಿಸುವಾಗ ವೈರಿಗೂ ಫೋಮಿಗೂ ಬ್ಲೇಡ್ ತಾಗಬಾರದು. ಹಳೆಯ ಪೈಪಿನ ಹೊರತುದಿಗೆ ಹೊಸದರ ತುದಿಯನ್ನು ಟೇಪಿನಿಂದ ಬಿಗಿದು, ಒಳಗಿನಿಂದ ನಿಧಾನವಾಗಿ ಎಳೆದರೆ ಹೊಸ ಪೈಪು ಗೋಡೆಯ ತೂತಿನಲ್ಲಿ ತಾನಾಗಿ ಬರುತ್ತದೆ. ಹೊಸದರ ಬಾಯಿಗೂ ಟೇಪ್ ಹಚ್ಚಿರಬೇಕು. ಇಲ್ಲವಾದರೆ ತೂತಿನ ಸಿಮೆಂಟ್ ಪುಡಿ ಒಳಸೇರಿ ಮೊದಲ ದಿನವೇ ಪೈಪು ಕಟ್ಟುತ್ತದೆ. ಟ್ರೇಯ ಬಾಯಿಗೆ ಪೈಪು ಹಿಡಿದಿರುವ ಬಗೆ ಮಾದರಿಯಿಂದ ಮಾದರಿಗೆ ಬೇರೆ. ಕೆಲವಕ್ಕೆ ಸ್ಕ್ರೂ, ಕೆಲವಕ್ಕೆ ಕ್ಲಿಪ್. ಕೆಲವನ್ನು ಒತ್ತಿ ಕೂರಿಸಿದರಾಯಿತು. ಜೋಡು ಹಾಕಲೇಬೇಕಿದ್ದರೆ ಅದು ಗೋಡೆಯ ಹೊರಗೆ, ಕಣ್ಣಿಗೆ ಕಾಣುವಲ್ಲಿ ಇರಲಿ. ಮೇಲಿನ ಪೈಪು ಕೆಳಗಿನದರ ಒಳಗೆ ಹೋಗಬೇಕು. ತಲೆಕೆಳಗಾದರೆ ನೀರು ಸಂದಿಗೆ ಇಳಿಯುತ್ತದೆ. ಕೋಣೆಯೊಳಗೆ ಹಾಯುವ ಭಾಗಕ್ಕೆ ಫೋಮ್ ಹೊದಿಸಬೇಕು, ಏಕೆಂದರೆ ಒಳಗೆ ಹರಿಯುವ ತಣ್ಣೀರಿಗೆ ಪೈಪಿನ ಹೊರಮೈಯೂ ಬೆವರುತ್ತದೆ.

ಕಟ್ಟನ್ನು ಮತ್ತೆ ಸುತ್ತುವಾಗ ಡ್ರೈನ್ ಪೈಪು ಎಲ್ಲಕ್ಕಿಂತ ಕೆಳಗಿರಬೇಕು. ಮೇಲಿದ್ದರೆ ತಾಮ್ರದ ಬಾಗಿನ ಜೊತೆ ಅದೂ ಏರುತ್ತದೆ. ನಡುವಿದ್ದರೆ ಬಿಗಿಯಾದ ಟೇಪಿಗೆ ಚಪ್ಪಟೆಯಾಗುತ್ತದೆ. ವಾಟ ಮೀಟರಿಗೆ ಕನಿಷ್ಠ 1 ಸೆಂಟಿಮೀಟರ್ ಬೇಕು, 2 ಆದರೆ ನಿಶ್ಚಿಂತೆ. ಗೋಡೆಯ ತೂತೇ ಹೊರಕ್ಕೆ ಇಳಿಯುವಂತಿರಬೇಕು. ಎಷ್ಟೋ ಮನೆಗಳಲ್ಲಿ ಅದು ಒಳಕ್ಕೇ ವಾಲಿರುತ್ತದೆ, ಮಳೆ ನೀರನ್ನೂ ಒಳಗೆ ತರುತ್ತದೆ. ಅಂಥ ಕಡೆ ಪೈಪು ಮೂರು ಸಲ ಬದಲಿಸಿದರೂ ಫಲವಿಲ್ಲ. ತೂತನ್ನು ಹೊಸದಾಗಿ ಕೊರೆಯಬೇಕು. ಹೊರಗೆ ದೂರದ ಓಟವಿದ್ದರೆ ಮಡಿಕೆ ಪೈಪಿಗಿಂತ 25 ಮಿಲಿಮೀಟರಿನ ಪಿವಿಸಿ ವಾಸಿ. ಮೀಟರಿಗೊಂದು ಕ್ಲ್ಯಾಂಪ್ ಹಾಕಿದರೆ ಅದು ಜೋಲುವುದಿಲ್ಲ.

ಪೈಪಿನ ತುದಿ ಎಲ್ಲಿ ನಿಲ್ಲುತ್ತದೆ ಎಂಬುದೂ ಅಷ್ಟೇ ಮುಖ್ಯ. ಬಕೆಟ್ಟಿನಲ್ಲಿ ನೀರು ಹಿಡಿಯುವವರು ಪೈಪನ್ನು ತಳಕ್ಕೆ ಮುಟ್ಟಿಸಿಡುತ್ತಾರೆ. ತುದಿ ಮುಳುಗಿದ ಮೇಲೆ ಒಳಗಿನ ಗಾಳಿಗೆ ದಾರಿ ಇಲ್ಲದೆ ನೀರು ಟ್ರೇಯಲ್ಲೇ ನಿಲ್ಲುತ್ತದೆ. ತುದಿಗೂ ನೀರಿಗೂ ನಡುವೆ ಸದಾ ಅಂತರವಿರಬೇಕು. ಒಳಚರಂಡಿ ಪೈಪಿಗೆ ನೇರವಾಗಿ ಸೇರಿಸಿದರೆ ಅಲ್ಲಿನ ದುರ್ವಾಸನೆ ಮಲಗುವ ಕೋಣೆಗೆ ಬರುವುದಲ್ಲದೆ, ಅದೇ ಅನಿಲ ತಾಮ್ರದ ಕಾಯಿಲ್ ಅನ್ನೂ ಕೊರೆಯುತ್ತದೆ. ಸಜ್ಜೆಯ ಮೇಲೆ ಸುರಿಯಬಿಟ್ಟರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ತಾಣ ಒದಗಿಸಿದಂತೆ. ಅದರ ಮೊಟ್ಟೆ ಸೊಳ್ಳೆಯಾಗಲು ವಾರ-ಹತ್ತು ದಿನ ಸಾಕು. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ಕರ್ನಾಟಕ ಸರ್ಕಾರ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡ ವಿಧಿಸುವ ನಿಯಮವನ್ನೂ ತಂದಿತು.

ಹಿಡಿದಿಟ್ಟ ನೀರು ನೆಲ ಒರೆಸಲು, ಗಿಡಗಳಿಗೆ ಹಾಕಲು ಚೆನ್ನಾಗಿದೆ. ಕುಡಿಯಲು ಬಾರದು. ಇನ್ವರ್ಟರ್ ಬ್ಯಾಟರಿಗೂ ಇದು ಡಿಸ್ಟಿಲ್ಡ್ ವಾಟರ್ ಅಲ್ಲ: ಆವಿಯಿಂದ ಬಂದದ್ದೇ ಆದರೂ ಕಾಯಿಲ್‌ನ ಲೋಹವನ್ನೂ ಟ್ರೇಯ ಧೂಳನ್ನೂ ತೊಳೆದುಕೊಂಡೇ ಇಳಿದಿರುತ್ತದೆ.

ಹೊಸ ಅಪಾರ್ಟ್‌ಮೆಂಟುಗಳಲ್ಲಿ ಗೋಡೆಯೊಳಗೇ ಹುದುಗಿಸಿದ ಡ್ರೈನ್ ಪೈಪಿನ ಕಥೆ ಇದಕ್ಕಿಂತ ಕಷ್ಟದ್ದು. ಅದು ಕಟ್ಟಿದರೆ ಒತ್ತಡದ ನೀರು ಹಾಯಿಸಿ ನೋಡಬಹುದು. ಒಳಗೆಲ್ಲೋ ಒಡೆದಿದ್ದರೆ ಟೈಲ್ಸ್ ಒಡೆಯುವ ಮೊದಲು ಬೇರೆ ದಾರಿ ಯೋಚಿಸಬೇಕು. ಹಳೆಯ ಪೈಪನ್ನು ಹಾಗೇ ಬಿಟ್ಟು ಗೋಡೆಯ ಮೇಲೆ ಹೊಸದನ್ನು ಎಳೆದು ಪಟ್ಟಿಯಿಂದ ಮುಚ್ಚುವುದು ಒಂದು. ವಾಟ ಸಿಗುವುದೇ ಇಲ್ಲವೆಂದಾದರೆ ಫ್ಲೋಟ್ ಇರುವ ಚಿಕ್ಕ ಡ್ರೈನ್ ಪಂಪ್ ಕೂರಿಸುವುದು ಇನ್ನೊಂದು. ಪಂಪ್ ನೀರನ್ನು ಮೇಲಕ್ಕೂ ಒಯ್ಯುತ್ತದೆ, ಆದರೆ ಸದ್ದು ಮಾಡುತ್ತದೆ, ಕೆಡಲೂಬಹುದು. ಕೆಟ್ಟಾಗ ಎಸಿಯನ್ನು ತಾನೇ ನಿಲ್ಲಿಸುವ ಸ್ವಿಚ್ ಇರುವಂಥದ್ದನ್ನು ಆರಿಸಬೇಕು.

ಯಾವ ದಾರಿ ಹಿಡಿದರೂ ಮೆಕ್ಯಾನಿಕ್ ಹೊರಡುವ ಮೊದಲು ಟ್ರೇಗೆ ಒಂದು ಲೀಟರ್ ನೀರು ಸುರಿಸಿ, ಹೊರಗೆ ಅಷ್ಟೂ ಬಂತೇ ಎಂದು ಪಾತ್ರೆ ಹಿಡಿದು ನೋಡಬೇಕು. ಆಮೇಲೆ ಎಸಿಯನ್ನು ಒಂದು ಗಂಟೆ ಓಡಿಸಿ ಯೂನಿಟ್‌ನ ಕೆಳಗಿನ ಗೋಡೆಯನ್ನು ಮುಟ್ಟಿ ನೋಡಬೇಕು. ಹಳೆಯ ಕಲೆಗೆ ಪೇಂಟ್ ಹಚ್ಚುವುದಾದರೆ, ಗೋಡೆ ಒಳಗಿನಿಂದ ಒಣಗಲು ಕೆಲವು ವಾರ ಬಿಟ್ಟೇ ಹಚ್ಚಬೇಕು.