ನಿಸ್ತಂತು ಜಾಲದ ಹೆಬ್ಬಾಗಿಲು

ಕಚೇರಿ, ಆಸ್ಪತ್ರೆ, ಬ್ಯಾಂಕು ಮೊದಲಾದ ಕಟ್ಟಡಗಳ ಚಾವಣಿಯಲ್ಲಿ ತಟ್ಟೆಯಾಕಾರದ ಬಿಳಿಯ ಉಪಕರಣವೊಂದು ಅನೇಕ ವೇಳೆ ಕಾಣಿಸುತ್ತದೆ. ಇದೇ ಆಕ್ಸೆಸ್ ಪಾಯಿಂಟ್. ಕಟ್ಟಡದೊಳಗಿನ ಕಂಪ್ಯೂಟರುಗಳನ್ನೂ ಮೊಬೈಲುಗಳನ್ನೂ ರೇಡಿಯೋ ತರಂಗಗಳ ಮೂಲಕ ತಂತಿಯ ಜಾಲಕ್ಕೆ ಕೂಡಿಸುವುದು ಇದರ ಕಾರ್ಯ. ಇಂತಹ ಸಂಪರ್ಕವನ್ನು ಜನರು ವೈಫೈ ಎಂದು ಕರೆಯುತ್ತಾರೆ.

ತಂತಿಯ ನೆರವಿಲ್ಲದೆ ಕಂಪ್ಯೂಟರುಗಳನ್ನು ಬೆಸೆಯುವ ಪ್ರಯತ್ನವು ಹೊಸದೇನಲ್ಲ. ಹವಾಯಿ ದ್ವೀಪಗಳ ನಡುವೆ ಕಡಲು ಹರಡಿದೆ. ಅಲ್ಲಿನ ವಿಶ್ವವಿದ್ಯಾನಿಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಸಂಗಡಿಗರು 1971ರಲ್ಲಿ ‘ಅಲೋಹಾನೆಟ್’ ಎಂಬ ರೇಡಿಯೋ ಜಾಲವನ್ನು ಕಾರ್ಯಗತಗೊಳಿಸಿದರು. ಮುಂದೆ 1997ರಲ್ಲಿ ‘802.11’ ಎಂಬ ಮಾನಕವು ಹೊರಬಂದಿತು. ಬೇರೆ ಬೇರೆ ತಯಾರಕರ ಉಪಕರಣಗಳು ಒಂದೇ ನಿಯಮದಂತೆ ವ್ಯವಹರಿಸಲು ಅದು ದಾರಿ ಮಾಡಿಕೊಟ್ಟಿತು.

ತಂತಿಯ ಜಾಲಕ್ಕೆ ಕಟ್ಟಡದ ಗೋಡೆಯೇ ಎಲ್ಲೆ. ರೇಡಿಯೋ ತರಂಗವಾದರೋ ಗೋಡೆಯನ್ನು ದಾಟಿ ಬೀದಿಗೂ ಹರಿಯುತ್ತದೆ. ಆದುದರಿಂದ ಗೋಡೆಯು ಮಾಡುತ್ತಿದ್ದ ಕಾವಲಿನ ಕೆಲಸವನ್ನು ಉಪಕರಣವನ್ನು ಅಳವಡಿಸುವವರು ತಮ್ಮ ವಿವೇಕದಿಂದ ಮಾಡಬೇಕಾಗುತ್ತದೆ. ಅದಕ್ಕೆ ಬೇಕಾದ ಏರ್ಪಾಡುಗಳೆಲ್ಲವೂ ಆಕ್ಸೆಸ್ ಪಾಯಿಂಟಿನೊಳಗೇ ಇವೆ.

ಮೊದಲನೆಯದು ಜಾಲದ ಹೆಸರು. ಇದು 32 ಇಂಗ್ಲಿಷ್ ಅಕ್ಷರಗಳನ್ನು ಮೀರುವಂತಿಲ್ಲ. ಹೆಸರನ್ನು ಮರೆಮಾಡಿದರೆ ಜಾಲವು ಸುರಕ್ಷಿತವೆಂದು ಕೆಲವರು ಭಾವಿಸುತ್ತಾರೆ. ಅದು ಸರಿಯಲ್ಲ. ಸಂಪರ್ಕವನ್ನು ಕೋರುವ ಮೊಬೈಲು ತಾನೇ ಆ ಹೆಸರನ್ನು ಹೊರಗೆಡಹುತ್ತದೆ.

ಎರಡನೆಯದು ಚಾನೆಲ್, ಅಂದರೆ ಸಂದೇಶಗಳು ಸಾಗುವ ಹಾದಿ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಪಕ್ಕಪಕ್ಕದ ಚಾನೆಲುಗಳು ಒಂದರ ಮೇಲೊಂದು ಹಾಯುತ್ತವೆ. 1, 6 ಮತ್ತು 11ನೆಯವು ಪರಸ್ಪರ ತೊಡಕಾಗದಂತೆ ಇರುತ್ತವೆ. ಆದುದರಿಂದ ನೆರೆಹೊರೆಯ ಆಕ್ಸೆಸ್ ಪಾಯಿಂಟುಗಳಿಗೆ ಇವನ್ನು ಹಂಚಿಕೊಡುವುದು ರೂಢಿ. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಹಾದಿಗಳು ಹೆಚ್ಚು. ಆದರೆ ಆ ತರಂಗಗಳನ್ನು ಗೋಡೆಗಳು ಹೆಚ್ಚಾಗಿ ಕುಗ್ಗಿಸುತ್ತವೆ.

ಮೂರನೆಯದು ಪ್ರಸಾರಶಕ್ತಿ. ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ. ಆಕ್ಸೆಸ್ ಪಾಯಿಂಟಿನ ಕೂಗು ದೂರದ ಮೊಬೈಲಿಗೆ ಕೇಳಿಸಿದರೂ ಮೊಬೈಲಿನ ಕ್ಷೀಣ ಧ್ವನಿಯು ಹಿಂದಿರುಗಿ ಮುಟ್ಟದೆ ಹೋಗಬಹುದು. ಮೇಲಾಗಿ ಅತಿಯಾದ ಶಕ್ತಿಯು ನೆರೆಯ ಜಾಲಗಳಿಗೂ ಅಡ್ಡಿ.

ಎಲ್ಲಕ್ಕಿಂತ ಮುಖ್ಯವಾದುದು ಗೂಢಲಿಪಿ. ಸಂದೇಶವು ದಾರಿಹೋಕರಿಗೆ ಅರ್ಥವಾಗದಂತೆ ಅದನ್ನು ಮಾರ್ಪಡಿಸುವ ವಿಧಾನವಿದು. 1997ರ ಮಾನಕದಲ್ಲಿದ್ದ ‘ವೆಪ್’ ಎಂಬ ವಿಧಾನವನ್ನು ಭೇದಿಸಬಹುದೆಂದು 2001ರಲ್ಲಿಯೇ ವಿದ್ವಾಂಸರು ತೋರಿಸಿಕೊಟ್ಟರು. ಆದರೂ ಹಲವರು ಅದನ್ನು ಕೈಬಿಡಲಿಲ್ಲ. ಅಮೆರಿಕದ ಟಿಜೆಎಕ್ಸ್ ಎಂಬ ವ್ಯಾಪಾರ ಸಂಸ್ಥೆಯಿಂದ ಗ್ರಾಹಕರ ಕನಿಷ್ಠ 4.5 ಕೋಟಿ ಪಾವತಿ ಕಾರ್ಡುಗಳ ವಿವರಗಳು ಕಳುವಾದ ಸಂಗತಿಯು 2007ರಲ್ಲಿ ಲೋಕಕ್ಕೆ ತಿಳಿಯಿತು. ಅದೇ ವರ್ಷ ತನಿಖೆ ನಡೆಸಿದ ಕೆನಡಾದ ಅಧಿಕಾರಿಗಳು, ಕಳ್ಳರು ಅಂಗಡಿಗಳ ನಿಸ್ತಂತು ಜಾಲದ ಮೂಲಕ ಒಳಹೊಕ್ಕಿರಬೇಕೆಂದೂ, ದುರ್ಬಲವಾದ ವೆಪ್ ಬೀಗವನ್ನು ಬದಲಿಸಲು ಸಂಸ್ಥೆಯು ತಡಮಾಡಿತೆಂದೂ ವರದಿ ಮಾಡಿದರು. 2004ರ ‘ಡಬ್ಲ್ಯುಪಿಎ-2’, 2018ರ ‘ಡಬ್ಲ್ಯುಪಿಎ-3’ ವಿಧಾನಗಳು ಇದಕ್ಕಿಂತ ಬಹಳ ಬಲವಾದವು.

ಮನೆಯಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಸಾಕು. ನೂರಾರು ಜನರು ದುಡಿಯುವ ಕಚೇರಿಯಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಗುರುತನ್ನು ಕೊಡುವುದು ಲೇಸು. ಆಗ ಒಬ್ಬರು ಕೆಲಸ ಬಿಟ್ಟರೆ ಅವರ ಪ್ರವೇಶವನ್ನಷ್ಟೇ ರದ್ದುಪಡಿಸಿದರಾಯಿತು. ಅಲ್ಲದೆ ಒಂದೇ ಆಕ್ಸೆಸ್ ಪಾಯಿಂಟು ಹಲವು ಜಾಲಗಳನ್ನು ಪ್ರತ್ಯೇಕವಾಗಿ ನಡೆಸಬಲ್ಲದು. ಆಸ್ಪತ್ರೆಗೆ ಬಂದ ಅತಿಥಿಯ ಮೊಬೈಲಿಗೂ ರೋಗಿಗಳ ದಾಖಲೆಗಳಿರುವ ಕಂಪ್ಯೂಟರಿಗೂ ಸಂಬಂಧವಿಲ್ಲದಂತೆ ಇದರಿಂದ ಎಲ್ಲೆ ಹಾಕಬಹುದು.

ಇಷ್ಟೆಲ್ಲ ಏರ್ಪಾಡುಗಳಿದ್ದರೂ ಅವುಗಳನ್ನು ಬದಲಿಸುವ ಅಧಿಕಾರದ ಪಾಸ್‌ವರ್ಡನ್ನು ಕಾರ್ಖಾನೆಯಿಂದ ಬಂದಂತೆಯೇ ಬಿಟ್ಟರೆ ಎಲ್ಲವೂ ವ್ಯರ್ಥ. ಅನೇಕ ಉಪಕರಣಗಳ ಮೂಲ ಪಾಸ್‌ವರ್ಡುಗಳು ಅವುಗಳ ಕೈಪಿಡಿಗಳಲ್ಲಿಯೇ ಅಚ್ಚಾಗಿರುತ್ತವೆ. ಬೀಗ ಹಾಕಿ ಕೀಲಿಕೈಯನ್ನು ಬಾಗಿಲಲ್ಲೇ ತೂಗುಹಾಕಿದಂತೆ ಇದು. ಒಂದು ಸಂಸ್ಥೆಯ ಜಾಲದಲ್ಲಿ ಹರಿಯುವುದು ಆ ಸಂಸ್ಥೆಯ ಲೆಕ್ಕಪತ್ರ ಮಾತ್ರವಲ್ಲ. ಅದನ್ನು ನಂಬಿ ಬಂದ ಜನರ ಹಣ, ಆರೋಗ್ಯ, ಮಾನಗಳ ವಿವರಗಳೂ ಹೌದು. ಅವುಗಳನ್ನು ಕಾಯುವುದು ಹೆಬ್ಬಾಗಿಲ ಹೊಣೆ ಹೊತ್ತವರ ಕರ್ತವ್ಯ.